ಗ್ರಂಥಾಲಯ ಕರ ಕಟ್ಟಿದ್ದೀನಿ, ಕೊಡೆ ಎಲ್ಲಿ?

ಇವತ್ತು ಮನೆ ಕಂದಾಯ ಕಟ್ಟಿ ಬಂದೆ. ರಸೀದಿಯಲ್ಲಿ ತೆರಿಗೆಗೊಂದಿಷ್ಟು ಬಾಲ: ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3%. ಕೊನೆಯದನ್ನು ನನಗೇ ವಾಪಸ್ ಕೊಡ್ತಾರಾ? ಲೈಬ್ರರಿಗೆ ಹೋದರೆ ಪೇಪರ್ ಓದುವ ಮೇಜಿನ ಮೇಲೆ ಹಳದಿ ಬಕೆಟ್, ಟಪ್ ಟಪ್ ಅಂತ ಸೋರ್ತಿದೆ. ನಮ್ಮ 6% ಆ ಬಕೆಟ್‌ಗೇ ಹೋಯ್ತೇನೋ!

ಪೆಟ್ರೋಲ್ ಕಥೆಯೂ ಅದೇ. 2024ರ ಜೂನ್‌ನಲ್ಲಿ ರಾಜ್ಯ ತನ್ನ ಮಾರಾಟ ತೆರಿಗೆಯನ್ನು 25.92%ರಿಂದ 29.84%ಗೆ ಏರಿಸಿತು, ಅದರ ಜೊತೆ ಕೇಂದ್ರದ ರಸ್ತೆ ಸೆಸ್ ಬೇರೆ. ರಸ್ತೆ ಎಲ್ಲಿ ಸ್ವಾಮಿ? ನಮ್ಮ ತೋಟದ ದಾರಿಗೆ ಜಲ್ಲಿ ಸುರಿದು ಹೋದವರು ಕಾಫಿ ಹೂವಾಗಿ, ಹಣ್ಣಾಗಿ, ಕುಯ್ದು ಮುಗಿದರೂ ಬರಲಿಲ್ಲ, ಮಾರ್ಚ್ ಕೊನೆಗೆ ಬಿಲ್ ಮಾಡಬೇಕಲ್ಲ ಅಂತ ಓಡಿಬಂದು ಡಾಂಬರು ಬಳಿದರು. ಜೂನ್ ಮಳೆಗೆ ಅದೂ ಕಾವೇರಿ ಸೇರಿ ತಮಿಳುನಾಡಿಗೆ ಹೊರಟಿದೆ.