ಮರುಭೂಮಿಯ ಚಿತ್ರಕ್ಕೆ ದೂರವೇ ಕಾವಲು, ಬಳ್ಳಾರಿಯ ಚಿತ್ರಕ್ಕೆ ಯಾರು?

ಅಮೆರಿಕದ ಯೂಟಾ ರಾಜ್ಯದ ಹಾರ್ಸ್‌ಶೂ ಕಣಿವೆಗೆ ಹೋಗಬೇಕೆಂದರೆ ಹೆದ್ದಾರಿ ಬಿಟ್ಟು ಸುಮಾರು 30 ಮೈಲಿ ಮಣ್ಣುದಾರಿ ಹಿಡಿಯಬೇಕು. ಆಮೇಲೆ ಕಣಿವೆಗಿಳಿದು ಮತ್ತೆ ಹತ್ತಿ ಬರಲು 7 ಮೈಲಿ ನಡಿಗೆ. ಕುಡಿಯುವ ನೀರನ್ನು ನಾವೇ ಹೊರಬೇಕು.

ಅಷ್ಟು ನಡೆದವರಿಗೆ ಬಂಡೆಗೋಡೆಯ ಮೇಲೆ ಕಾಣುವುದು ಗ್ರೇಟ್ ಗ್ಯಾಲರಿ: ಆಳೆತ್ತರದ ಕೆಂಗಂದು ಆಕೃತಿಗಳ ಸಾಲು. ಹೆಚ್ಚಿನವಕ್ಕೆ ಕೈಯಿಲ್ಲ, ಕಾಲಿಲ್ಲ. ಅಗಲ ಭುಜ, ಕೆಳಗಿಳಿದಂತೆ ಕಿರಿದಾಗುವ ಮೈ. 'ಹೋಲಿ ಘೋಸ್ಟ್' ಎಂದು ಈಗಿನವರು ಕರೆಯುವ ದೊಡ್ಡ ಆಕೃತಿಯ ಮೈಬಣ್ಣವನ್ನು ಬಳಿದಿಲ್ಲ, ಚಿಮುಕಿಸಿದ್ದಾರೆ; ದೊಡ್ಡ ಪೊಳ್ಳು ಕಣ್ಣುಗಳು ನಮ್ಮನ್ನೇ ನೋಡುತ್ತವೆ. ಇವು ಒಂದರಿಂದ ಎರಡು ಸಾವಿರ ವರ್ಷ ಹಳೆಯವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದಕ್ಕೂ ಹಿಂದಿನವೆಂದು ನಂಬಿದವರು ಬಹಳ ಮಂದಿ ಇದ್ದರು.

ಊರಿಂದ ಬಂದ ನಮ್ಮವರನ್ನು ಇಂಥ ಕಡೆ ಕರೆದೊಯ್ದರೆ ಅದೇ ಮಾತು: "ಎಂಥ ಶಿಸ್ತು ನೋಡಿ ಇವರದ್ದು. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹೆಸರು ಕೆತ್ತಿರುತ್ತಿದ್ದರು." ನಾನಿದನ್ನು ಒಪ್ಪುವುದಿಲ್ಲ. ಇಲ್ಲಿ ಚಿತ್ರ ಕಾಯುತ್ತಿರುವುದು ಬಹುಪಾಲು ದೂರ. ಮೋಆಬ್ ಪಟ್ಟಣದ ಹತ್ತಿರ, ರಸ್ತೆಬದಿಯಲ್ಲೇ ಇರುವ ಬರ್ತಿಂಗ್ ರಾಕ್ ಎಂಬ ಹಳೆಯ ಕೆತ್ತನೆಗಳ ಬಂಡೆಯ ಮೇಲೆ 2021ರಲ್ಲಿ ಜನಾಂಗದ್ವೇಷದ ಮಾತುಗಳನ್ನು ಗೀಚಿ ಹೋದರು. ಯೂಟಾದ್ದೇ ಆದ, ಬಂಡೆಚಿತ್ರಗಳ ನೈನ್ ಮೈಲ್ ಕಣಿವೆಗೆ ಅನಿಲ ಬಾವಿಗಳ ಲಾರಿಗಳು ನುಗ್ಗಿದಾಗ ಚಿತ್ರಗಳ ಮೇಲೆ ಧೂಳು ಕೂತಿತು. ಆದರೆ ಅಲ್ಲಿ ಜನ ಸುಮ್ಮನಿರಲಿಲ್ಲ. ಕೆಲಸ ನಡೆಯಬೇಕಾದರೆ ಧೂಳು ತಡೆಯಬೇಕು ಎಂದು ಪಟ್ಟು ಹಿಡಿದರು. 2010ರಲ್ಲಿ ಒಪ್ಪಂದವಾಯಿತು, ಆಮೇಲೆ ದಾರಿಗೆ ಡಾಂಬರು ಬಿತ್ತು. ಇಲ್ಲಿಯವರಿಂದ ಕಲಿಯಬೇಕಾದದ್ದು ಈ ಹಟವನ್ನು.

ಬಳ್ಳಾರಿ ಪಕ್ಕದ ಸಂಗನಕಲ್ಲು-ಕಪ್ಪಗಲ್ಲು ಗುಡ್ಡಕ್ಕೆ ದೂರದ ಭಾಗ್ಯವಿಲ್ಲ. ಕೆಳಗೇ ಊರು, ಹೊಲ, ಕುರಿ. ನವಶಿಲಾಯುಗದಿಂದ ಜನ ಕಪ್ಪು ಡೊಲೆರೈಟ್ ಬಂಡೆಗಳನ್ನು ಕುಟ್ಟಿ ಕುಟ್ಟಿ ಉದ್ದ ಕೊಂಬಿನ ಎತ್ತುಗಳನ್ನು ಮೂಡಿಸಿದ್ದಾರೆ. ಅಲ್ಲಿ ಕೆಲವು ಬಂಡೆಗಳು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುತ್ತವೆ. ಮುಟ್ಟಲೇಬೇಡಿ ಎಂಬ ಯೂಟಾದ ನಿಯಮವನ್ನು ಹಾಗೇ ಎತ್ತಿ ತಂದರೆ ಆ ಬಂಡೆಗಳ ಬಾಯಿ ಕಟ್ಟಿದಂತೆ. ಅಲ್ಲಿ ನಿಜವಾದ ಭಯ ಗೀಚುವ ಹುಡುಗರದ್ದಲ್ಲ, ಕಲ್ಲುಗಣಿಯದ್ದು. ಗೀಚಿದ ಗೆರೆಯ ಕೆಳಗೆ ಎತ್ತಾದರೂ ಉಳಿಯುತ್ತದೆ. ಸಿಡಿಸಿ ಜಲ್ಲಿ ಮಾಡಿದ ಬಂಡೆಯಲ್ಲಿ ಏನು ಉಳಿಯುತ್ತದೆ?

ಬಳ್ಳಾರಿಯಲ್ಲಿ, ಭಾರತದ ಶಿಲಾಯುಗದ ನೆಲೆಗಳನ್ನು ಹುಡುಕಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ, ಸಂತೋಷ. ಗುಡ್ಡವೂ ಬೇಕಲ್ಲ! ಅದರ ಸುತ್ತ ಗಡಿಕಲ್ಲು ನೆಟ್ಟು, ಒಳಗೆ ಗಣಿಗಾರಿಕೆ ಇಲ್ಲವೆಂದು ಕಾಗದದ ಮೇಲೆ ಖಚಿತಪಡಿಸಿ, ಆ ಊರಿನವರನ್ನೇ ಸಂಬಳ ಕೊಟ್ಟು ಕಾವಲಿಗೆ ಹಾಕಲಿ. ಎಲ್ಲಿ ಯಾವ ಎತ್ತು ಇದೆ, ಯಾವ ಬಂಡೆ ನುಡಿಯುತ್ತದೆ ಎಂದು ಬಂದವರಿಗೆ ತೋರಿಸಲು ಕುರಿ ಕಾಯುತ್ತಾ ಆ ಗುಡ್ಡ ಹತ್ತಿಳಿದವರಿಗಿಂತ ಬಲ್ಲವರು ಬೇಕೆ?