ಅರ್ಧ ಕೊಟ್ಟವ ಪೂರಾ ಖುಲಾಸೆ

ಮತ್ತೊಂದು ಲೋಕ ಅದಾಲತ್ ಮುಗಿದಿದೆ. ಒಂದೇ ದಿನದಲ್ಲಿ ಸಾವಿರಾರು ಪ್ರಕರಣ ಇತ್ಯರ್ಥ ಎಂಬ ಸುದ್ದಿ ನೀವೂ ಓದಿರುತ್ತೀರಿ. ಅದರಲ್ಲಿ ಟ್ರಾಫಿಕ್ ದಂಡ ಎಷ್ಟು, ಚೆಕ್ ಬೌನ್ಸ್ ಎಷ್ಟು ಎಂದೆಲ್ಲ ಕೇಳಬಾರದು. ಶಿವಮೊಗ್ಗದಲ್ಲಿ ನ್ಯಾಯ ಇಷ್ಟು ಚುರುಕಾಗಿರುವಾಗ ಅಡ್ಡಮಾತು ಯಾಕೆ?

ನನ್ನ ಮೆಚ್ಚುಗೆಯೆಲ್ಲ ಅಡಿಕೆ ವ್ಯಾಪಾರಿಗೆ. ಯಾರೆಂದು ಹೇಳಬೇಕಿಲ್ಲ, ಹೋಬಳಿಗೊಬ್ಬನಿದ್ದಾನೆ. ಮಂಡಿಗಿಂತ ಕ್ವಿಂಟಲಿಗೆ ಐನೂರು ಜಾಸ್ತಿ ಎಂದು ಅಂಗಳಕ್ಕೇ ಬಂದು ರಾಶಿ ಅಡಿಕೆ ತೂಗಿಸಿಕೊಂಡು ಹೋಗುತ್ತಾನೆ. ಎರಡು ವರ್ಷ ನಗದು, ಆಮೇಲೆ ಚೆಕ್ಕು. ಅದು ವಾಪಸಾಯಿತೆಂದು ಠಾಣೆಗೆ ಹೋದರೆ, "ಇದು ಸಿವಿಲ್ ಮ್ಯಾಟರ್ರು ಗೌಡ್ರೇ, ಕೋರ್ಟಲ್ಲಿ ನೋಡ್ಕೊಳಿ." ಚೆಕ್ ಕೇಸನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲೇ ಇದೆ. ಪ್ರಯತ್ನಕ್ಕೇನೂ ಕೊರತೆಯಿಲ್ಲ. ಆದರೆ ಸಮನ್ಸ್ ಒಯ್ದವರಿಗೆ ಆರೋಪಿಯ ಮನೆಯೇ ಸಿಗುವುದಿಲ್ಲ. ಆ ಮನೆಯ ಗೃಹಪ್ರವೇಶಕ್ಕೆ ಅರ್ಧ ಊರು ಉಂಡು ಬಂದಿತ್ತು.

ವಂಚನೆಯ ಕೇಸೇ ಹಾಕಿದಿರಿ ಎನ್ನಿ. ಗರಿಷ್ಠ ಶಿಕ್ಷೆ ಏಳು ವರ್ಷ ಜೈಲು. ಅಷ್ಟನ್ನು ಫಿರ್ಯಾದಿಯೇ ಕೋರ್ಟಿನ ಜಗಲಿಯಲ್ಲಿ ಅನುಭವಿಸಿ ಮುಗಿಸಿರುತ್ತಾನೆ. ಆಮೇಲೆ ರಾಜಿ. ಅಸಲಿನಲ್ಲಿ ಅರ್ಧ, ಅದೂ ಕಂತಿನಲ್ಲಿ. ಮೋಸಹೋದವ ಒಪ್ಪಿ, ನ್ಯಾಯಾಲಯ ಅನುಮತಿ ಕೊಟ್ಟು ರಾಜಿಯಾಯಿತೆಂದರೆ ಕಾನೂನಿನ ಪ್ರಕಾರ ಆರೋಪಿ ಖುಲಾಸೆ. ಬಡ್ಡಿಯಿಲ್ಲದೆ, ಅಡವಿಲ್ಲದೆ, ಅರ್ಧ ಮನ್ನಾ ಸಮೇತ ಇಂಥ ಸಾಲ ಕೊಡುವ ಸೊಸೈಟಿ ಮಲೆನಾಡಿನಲ್ಲಿ ಬೇರೆಲ್ಲಿದೆ?

ತೋಟದ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬೋರ್ಡು ಹಾಕುವವರನ್ನು ಕಂಡು ಪೇಟೆಯವರಿಗೆ ನಗು. ನನಗೆ ಈಗೀಗ ಅದೇ ಸರಿ ಅನಿಸುತ್ತಿದೆ. ಅಲ್ಲಿ ವಾಯಿದೆ ಇಲ್ಲ, ಶ್ಯೂರಿಟಿಗೆ ಪಹಣಿ ಕೇಳುವುದಿಲ್ಲ, ಬೆಂಚ್ ಕ್ಲರ್ಕಿನ ಮುಖ ನೋಡಿಕೊಂಡು ನಿಲ್ಲಬೇಕಿಲ್ಲ. 2025ರ ಜುಲೈನಲ್ಲಿ ಸಿಗಂದೂರಿಗೆ ಹೋಗುವ ಶರಾವತಿ ಹಿನ್ನೀರಿನ ಸೇತುವೆಯೂ ಉದ್ಘಾಟನೆಯಾಗಿ ಲಾಂಚಿಗೆ ಕಾಯುವ ತಾಪತ್ರಯವೂ ತಪ್ಪಿತು. ತೊಂದರೆ ಒಂದೇ, ಬೋರ್ಡು ಇರುವುದು ಬೇಲಿ ಹಾರುವ ಕಳ್ಳನಿಗೆ. ನಾವೇ ಕುರ್ಚಿ ಹಾಕಿ, ಕಾಫಿ ಕೊಟ್ಟು, ಮೂಟೆ ಹೊರಿಸಿ ಕಳಿಸಿದವನನ್ನು ದೇವಿ ಯಾವ ಲೆಕ್ಕದಲ್ಲಿ ಹಿಡಿದಾಳು!

ದೊಡ್ಡವರ ಪ್ರಕರಣಗಳ ಗತ್ತೇ ಬೇರೆ. ಶಿವಮೊಗ್ಗದ ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕಿನಲ್ಲಿ ನಕಲಿ ಬಂಗಾರ ಅಡವಿಟ್ಟು ಎತ್ತಿದ ಸಾಲ ಬಯಲಾದದ್ದು 2014ರಲ್ಲಿ. ಇ.ಡಿ. ಬಂಧನ 2025ರಲ್ಲಿ. ಅಷ್ಟರಲ್ಲಿ ಅಸಲಿ ಬಂಗಾರದ ದರ ಮೂರು ಪಟ್ಟು ದಾಟಿತ್ತು.

ತಮಾಷೆ ಸಾಕು. ಕೊಳೆ, ಎಲೆಚುಕ್ಕಿ ಎರಡೂ ರೋಗದಿಂದ ಉಳಿದದ್ದನ್ನು ಕೊಯ್ಯಿಸಿ, ಸುಲಿಸಿ, ಬೇಯಿಸಿ ಒಣಗಿಸಿದ ಅಡಿಕೆ ಅದು. ಮಗಳ ಮದುವೆಗೋ ಆಸ್ಪತ್ರೆಗೋ ಎಂದು ಇಟ್ಟದ್ದು. "ಅರ್ಧಕ್ಕೆ ಒಪ್ಪಿಕೊಳ್ಳಿ, ಎಷ್ಟು ದಿನ ಅಂತ ಅಲೀತೀರಿ?" ಎಂದು ವಕೀಲರು, ನೆಂಟರು, ಊರ ಹಿರಿಯರು ಎಲ್ಲರೂ ಬುದ್ಧಿ ಹೇಳುವುದು ಕಳೆದುಕೊಂಡವನಿಗೇ. ಪೂರ್ತಿ ಕೊಡಯ್ಯಾ ಎಂದು ಆ ವ್ಯಾಪಾರಿಗೆ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದೆಂದು 2018ರ ತಿದ್ದುಪಡಿಯಲ್ಲೇ ಇದೆ. ಅದನ್ನು ಕೇಳಿ ಪಡೆದವರು ನಿಮ್ಮೂರಲ್ಲಿದ್ದರೆ ದಯವಿಟ್ಟು ತಿಳಿಸಿ, ಅವರ ವಕೀಲರು ಯಾರೆಂದೂ ಹೇಳಿ. ಈ ಸುಗ್ಗಿಯ ಚೆಕ್ಕುಗಳು ಬ್ಯಾಂಕಿನಿಂದ ವಾಪಸು ಬರುವ ಹೊತ್ತಾಯಿತು.