ಬಾನೆಟ್ಟಿನ ಕೆಳಗೆ ಗೋಲಿ ಆಟ

ಇವತ್ತು ಬೆಳಿಗ್ಗೆ ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಮತ್ತೆ ಶುರು! ಮೂರು ವಾರದಿಂದ ಇದೇ ಗೋಳು.

ತಪ್ಪು ನನ್ನದೇ. ಇದ್ದ ಸೂಪರ್‌ಚಾರ್ಜರ್ ಸಾಲದು ಅಂತ ಅದಕ್ಕೊಂದು ಚಿಕ್ಕ ಪುಲ್ಲಿ ಹಾಕಿದೆ. ಪುಲ್ಲಿ ಚಿಕ್ಕದಾದಷ್ಟೂ ಸೂಪರ್‌ಚಾರ್ಜರ್ ಜೋರಾಗಿ ತಿರುಗಿ ಗಾಳಿಯನ್ನು ಇಂಜಿನ್ನಿಗೆ ಇನ್ನೂ ಒತ್ತಿ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದು ಅದರ ಬುಡ ಮುಟ್ಟಿದವರಿಗೆ ಗೊತ್ತು, ಅಲ್ವಾ? ಆ ಬಿಸಿಗೆ, ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಬರುವ ಮೊದಲೇ, ಸಿಲಿಂಡರಿನ ಮೂಲೆಯಲ್ಲಿ ಉಳಿದ ಪೆಟ್ರೋಲು-ಗಾಳಿ ತಾನಾಗಿಯೇ ಸಿಡಿದುಬಿಡುತ್ತದೆ. ಇದೇ ನಾಕ್. ಹೆಸರು ಬಾಗಿಲು ತಟ್ಟಿದಷ್ಟು ಮೆತ್ತಗಿದೆ, ನಿರ್ಲಕ್ಷ್ಯ ಮಾಡಿದರೆ ಪಿಸ್ಟನ್ನೇ ಒಡೆಯಬಹುದು.

ಪರೀಕ್ಷೆಗೆ ಗೆಳೆಯ ಬಂದ. ಅವನ ಹತ್ತಿರ ಒಂದು ಉದ್ದನೆ ಸ್ಕ್ರೂಡ್ರೈವರ್ ಇದೆ. ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾನೆ. "ಹೂಂ" ಅನ್ನುತ್ತಾನೆ. "ಏನಾಯ್ತೋ?" ಅಂದರೆ "ಶ್!" ಜಾಗ ಬದಲಿಸಿ "ಊಹೂಂ" ಅನ್ನುತ್ತಾನೆ. ನಾನು ಆಪರೇಷನ್ ಥಿಯೇಟರ್ ಹೊರಗಿನ ನೆಂಟನಂತೆ ಕೈ ಕಟ್ಟಿ ನಿಂತಿರುತ್ತೇನೆ. ಕೊನೆಗೆ ತೀರ್ಪು: "ಮೂರನೇ ಸಿಲಿಂಡರ್ ಗುರು." ಯಾವಾಗಲೂ ಮೂರನೆಯದೇ! ಒಮ್ಮೆ ಡಿಕ್ಕಿಯಲ್ಲಿ ಜಾಕ್ ಉರುಳಾಡಿದ್ದಕ್ಕೂ ಅದೇ ಸಿಲಿಂಡರ್ ಬೈಸಿಕೊಂಡಿತ್ತು. ನಾಕ್ ಬರುವುದು ಇಂಜಿನ್ ಮೇಲೆ ಲೋಡ್ ಬಿದ್ದಾಗ, ನಿಂತ ಕಾರಿನಲ್ಲಿ ಇವನಿಗೇನು ಕೇಳಿಸುತ್ತದೋ! ಮೊನ್ನೆಯಂತೂ ಎರಡು ನಿಮಿಷ ಕಣ್ಣು ಮುಚ್ಚಿ ಆಲಿಸಿ "ಮೂರನೆಯದು, ಸ್ವಲ್ಪ ಕಮ್ಮಿಯಾಗಿದೆ" ಅಂದ. ಕೀ ನನ್ನ ಜೇಬಿನಲ್ಲಿತ್ತು. ಇಂಜಿನ್ ಆನೇ ಮಾಡಿರಲಿಲ್ಲ.

ಅವನನ್ನು ಕಳಿಸಿ ಲ್ಯಾಪ್‌ಟಾಪ್ ಹಚ್ಚಿದೆ. ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಇಂಜಿನ್ನಿನ ಕಿವಿ. ಅದಕ್ಕೆ ಸದ್ದು ಕೇಳಿದ ಕೂಡಲೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಅಂದರೆ ಪ್ಲಗ್ಗಿನ ಕಿಡಿಯನ್ನು ತಡ ಮಾಡುತ್ತದೆ. ಲಾಗ್‌ನಲ್ಲಿ ಇಂಜಿನ್ ತಿರುಗುವ ಲೆಕ್ಕದಲ್ಲಿ 6 ಡಿಗ್ರಿ ತಡ! ದುಡ್ಡು ಕೊಟ್ಟು ತಂದ ಪವರನ್ನು ಅದು ಸುಮ್ನೆ ವಾಪಸ್ ಇಸ್ಕೊಂಡಿತ್ತು. ಜಾಸ್ತಿ ಆಕ್ಟೇನ್, ಅಂದರೆ ತಾನಾಗಿ ಬೇಗ ಸಿಡಿಯದ ಪೆಟ್ರೋಲ್ ಹಾಕಿದೆ. ಒಂದು ಹಂತ ಕೋಲ್ಡ್, ಅಂದರೆ ಬಿಸಿಯನ್ನು ಬೇಗ ಹೊರಹಾಕುವ ಪ್ಲಗ್ ಹಾಕಿದೆ. 4ಕ್ಕೆ ಇಳಿಯಿತು, ಆಮೇಲೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಇವತ್ತು ಮಧ್ಯಾಹ್ನ ಕಾರಣ ಸಿಕ್ಕಿತು. ಎಕ್ಸಾಸ್ಟ್ ಮೇಲಿನ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಸಡಿಲ. ಅದರ ಗಡಗಡವನ್ನೂ ಸೆನ್ಸರ್ ನಾಕ್ ಅಂತಲೇ ನಂಬಿತ್ತು. ಪುಲ್ಲಿ ಹಾಕುವಾಗ ಅಡ್ಡ ಬಂತು ಅಂತ ಶೀಲ್ಡಿನ ಬೋಲ್ಟ್ ಬಿಚ್ಚಿ, ಆಮೇಲೆ ಬೆರಳಲ್ಲಷ್ಟೇ ತಿರುಗಿಸಿ ಬಿಟ್ಟವನು ಯಾರು? ಬೇಡ ಬಿಡಿ.

ಈಗ ಉಳಿದಿರುವುದು 2 ಡಿಗ್ರಿ. ಅದು ನಿಜವಾದ ನಾಕ್, ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಕಾದ ಮೇಲೆ ಏರಿನಲ್ಲಿ ಮಾತ್ರ ಬರುತ್ತದೆ. ಬೂಸ್ಟ್ (ತುಂಬುವ ಗಾಳಿಯ ಒತ್ತಡ) ಇಳಿಸಬೇಕು, ಇಲ್ಲವೇ ದೊಡ್ಡ ಇಂಟರ್‌ಕೂಲರ್ ಹಾಕಬೇಕು. ಮೊದಲೆಲ್ಲ ಈ ಕಾರಿನಲ್ಲಿ ಹಾಡು ಕೇಳುತ್ತಿದ್ದೆ. ಈಗ ಸ್ಟೀರಿಯೋ ಆಫ್, ಫ್ಯಾನ್ ಆಫ್, ಪಕ್ಕದಲ್ಲಿ ಕೂತವರು ಬಾಯಿ ತೆರೆದರೆ "ಶ್!"

ಹಳೇ ಪುಲ್ಲಿ ಇನ್ನೂ ಡ್ರಾಯರಿನಲ್ಲಿದೆ. ಈಗಷ್ಟೇ ತೆಗೆದು, ಒರೆಸಿ, ಮತ್ತೆ ಒಳಗಿಟ್ಟೆ.